ಡೋವರ್ ಎಂಬ ಊರಿನ ಸ್ಕೂಲ್ ಬೋರ್ಡು



ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಅಮೆರಿಕ ದೇಶದಲ್ಲಿ ನೆಲೆಸಿ, ಮಕ್ಕಳನ್ನು ಅಲ್ಲಿಯ ಶಾಲೆಗಳಿಗೇ ಕಳುಹಿಸುತ್ತಿದ್ದಾರೆ. ಅವರು ದೂರವಾಣಿಯಲ್ಲಿ ಮಾತನಾಡುವಾಗ 'ನಮ್ಮ ಸ್ಕೂಲ್ ಬೋರ್ಡಿನವರು' ಎಂಬ ಮಾತು ಆಗಾಗ ಬರುತ್ತದೆ. ಬೋರ್ಡಿನವರು ತೆರಿಗೆ ಏರಿಸಿದರು, ಬೋರ್ಡಿನವರು ಹೊಸ ಕಟ್ಟಡಕ್ಕೆ ಒಪ್ಪಲಿಲ್ಲ, ಬೋರ್ಡಿನ ಚುನಾವಣೆ ಬಂದಿದೆ, ಹೀಗೆ. ಮೂರು ದಶಕಗಳಿಗೂ ಮಿಕ್ಕಿ ವಿಜ್ಞಾನ ಬೋಧಿಸಿದ ನನಗೆ ಈ ವ್ಯವಸ್ಥೆ ಮೊದಮೊದಲು ಅರ್ಥವಾಗುತ್ತಿರಲಿಲ್ಲ. ನಮ್ಮಲ್ಲಿ ಪಾಠಪುಸ್ತಕ ರಾಜಧಾನಿಯಿಂದ ಬರುತ್ತದೆ, ಮುಖ್ಯೋಪಾಧ್ಯಾಯರ ನೇಮಕ, ವರ್ಗಾವಣೆಗಳು ಇಲಾಖೆಯಿಂದ ಆಗುತ್ತವೆ. 2001ರಿಂದ ಸರಕಾರಿ ಶಾಲೆಗಳಿಗೆ ಪೋಷಕರನ್ನೊಳಗೊಂಡ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್.ಡಿ.ಎಂ.ಸಿ., ಬಂದಿದೆಯಾದರೂ ಯಾವ ಪಾಠ ಇರಬೇಕು ಎಂಬುದು ಅದರ ಕೈಯಲ್ಲಿಲ್ಲ. ಆ ದೇಶದಲ್ಲಾದರೋ ಒಂದು ಸಣ್ಣ ಊರಿನ ಒಂಬತ್ತು ಜನ ಕುಳಿತು ಕಟ್ಟಡ, ಮುಖ್ಯಾಧಿಕಾರಿ, ಪುಸ್ತಕ ಮೂರನ್ನೂ ನಿರ್ಣಯಿಸುತ್ತಾರೆ. ಈ ಅಧಿಕಾರ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ನಾನು ಕಂಡ ಉತ್ತಮ ಉತ್ತರ ಡೋವರ್ ಎಂಬ ಊರಿನ ಇತಿಹಾಸದಲ್ಲಿದೆ. ಅದನ್ನೇ ಈ ಸಲ ಬರೆಯುತ್ತಿದ್ದೇನೆ.

ಮೊದಲು ಈ ಮಂಡಳಿಗಳ ಮೂಲವನ್ನು ಸ್ವಲ್ಪ ನೋಡೋಣ. 1647ರಲ್ಲಿಯೇ ಮ್ಯಾಸಚೂಸೆಟ್ಸ್ ವಸಾಹತಿನಲ್ಲಿ ಒಂದು ಕಾನೂನಾಯಿತು. ಐವತ್ತು ಮನೆಗಳಿರುವ ಊರು ಓದುಬರಹ ಕಲಿಸುವ ಒಬ್ಬ ಉಪಾಧ್ಯಾಯನನ್ನು ಇಟ್ಟುಕೊಳ್ಳತಕ್ಕದ್ದು, ನೂರು ಮನೆಗಳಿರುವ ಊರು ವ್ಯಾಕರಣ ಶಾಲೆಯನ್ನು ನಡೆಸತಕ್ಕದ್ದು ಎಂಬುದು ಅದರ ವಿಧಿ. ಅಂದಿನಿಂದ ಶಾಲೆಯೆಂದರೆ ಊರಿನ ಹೊಣೆ ಎಂಬ ಭಾವನೆ ಆ ಜನರಲ್ಲಿ ಬೇರೂರಿತು. ಪೆನ್ಸಿಲ್ವೇನಿಯ ರಾಜ್ಯದಲ್ಲಿ 1834ರಲ್ಲಿ ಉಚಿತ ಶಾಲೆಗಳ ಕಾಯಿದೆ ಬಂತು. ತೆರಿಗೆ ಕೊಡಲೊಪ್ಪದವರು ಮರುವರ್ಷವೇ ಅದನ್ನು ರದ್ದುಪಡಿಸಲು ಹೊರಟಾಗ ಥ್ಯಾಡಿಯಸ್ ಸ್ಟೀವನ್ಸ್ ಎಂಬ ಶಾಸಕರು ವಿಧಾನಸಭೆಯಲ್ಲಿ ಭಾಷಣ ಮಾಡಿ ಅದನ್ನು ಉಳಿಸಿದರು. ಕಾಲಕ್ರಮದಲ್ಲಿ ಸಣ್ಣ ಸಣ್ಣ ಶಾಲಾ ಜಿಲ್ಲೆಗಳು ಒಂದರೊಡನೊಂದು ಕೂಡಿಕೊಂಡವು. 1939-40ರಲ್ಲಿ ಆ ದೇಶದಲ್ಲಿ ಸುಮಾರು 1,17,000 ಶಾಲಾ ಜಿಲ್ಲೆಗಳಿದ್ದವು. ಈಗ ಸುಮಾರು 13,000 ಉಳಿದಿವೆ. ಪೆನ್ಸಿಲ್ವೇನಿಯದಲ್ಲಿ ಸುಮಾರು 500 ಇವೆ. 'ಜಿಲ್ಲೆ' ಎಂದೊಡನೆ ನಮ್ಮ ಜಿಲ್ಲೆಯನ್ನು ನೆನೆಯಬೇಡಿ. ಅಲ್ಲಿಯ ಶಾಲಾ ಜಿಲ್ಲೆ ನಮ್ಮ ಒಂದು ಹೋಬಳಿಯಷ್ಟು ಚಿಕ್ಕದಾಗಿರುವುದೂ ಉಂಟು.

ಡೋವರ್ ಪ್ರದೇಶದ ಶಾಲಾ ಜಿಲ್ಲೆ ಅಂಥದೊಂದು. ಪೆನ್ಸಿಲ್ವೇನಿಯದ ಯಾರ್ಕ್ ಕೌಂಟಿಯಲ್ಲಿ, ಡೋವರ್ ಪಟ್ಟಣವೂ ಸುತ್ತಲಿನ ಎರಡು ಗ್ರಾಮಾಂತರ ಪ್ರದೇಶಗಳೂ ಸೇರಿ ಆ ಜಿಲ್ಲೆಯಾಗಿದೆ. 2005ರ ವೇಳೆಗೆ ಅಲ್ಲಿಯ ಶಾಲೆಗಳಲ್ಲಿ ಸುಮಾರು 3,700 ಮಕ್ಕಳು ಓದುತ್ತಿದ್ದರು. ಹೈಸ್ಕೂಲಿನಲ್ಲಿಯೇ ಸುಮಾರು ಒಂದು ಸಾವಿರ. ಮಂಡಳಿಯಲ್ಲಿ ಒಂಬತ್ತು ಸದಸ್ಯರು. ಊರಿನವರೇ ಮತ ಹಾಕಿ ನಾಲ್ಕು ವರ್ಷದ ಅವಧಿಗೆ ಆರಿಸಿದವರು. ಅವರಿಗೆ ಸಂಬಳವಿಲ್ಲ. ಹಗಲೆಲ್ಲ ತಮ್ಮ ತಮ್ಮ ಕಸುಬು ಮಾಡಿಕೊಂಡು ಸಂಜೆ ಸಭೆಗೆ ಬರುವ ಜನ. ಸಭೆ ಬಹಿರಂಗವಾಗಿ ನಡೆಯುತ್ತದೆ. ಊರಿನ ಯಾರು ಬೇಕಾದರೂ ಎದ್ದು ನಿಂತು ಮಾತನಾಡಬಹುದು.

ಈ ಮಂಡಳಿಯ ಕೆಲಸಗಳನ್ನು ಮೂರು ಭಾಗ ಮಾಡಬಹುದು. ಮೊದಲನೆಯದು ಆಡಳಿತದ ಮುಖ್ಯರನ್ನು ನೇಮಿಸುವುದು. ಸೂಪರಿಂಟೆಂಡೆಂಟ್ ಎಂಬ ಅಧಿಕಾರಿಯನ್ನು ಮಂಡಳಿ ಮೂರರಿಂದ ಐದು ವರ್ಷದ ಒಪ್ಪಂದದ ಮೇಲೆ ತೆಗೆದುಕೊಳ್ಳುತ್ತದೆ. ನಿತ್ಯದ ಆಡಳಿತ ಆತನದು, ನೀತಿ ಮಂಡಳಿಯದು. ಎರಡನೆಯದು ಹಣ ಮತ್ತು ಕಟ್ಟಡ. ಮನೆ, ಜಮೀನುಗಳ ಮೇಲಿನ ತೆರಿಗೆಯನ್ನು ಮಂಡಳಿಯೇ ಗೊತ್ತುಮಾಡುತ್ತದೆ. ಆದ್ದರಿಂದ ಶಾಲೆಗೊಂದು ಹೊಸ ಕೊಠಡಿ ಬೇಕೆಂದರೆ ಅದರ ಭಾರ ಯಾರ ಜೇಬಿನ ಮೇಲೆ ಬೀಳುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಮೂರನೆಯದು ಪಠ್ಯ. ಯಾವ ತರಗತಿಯ ಮಗುವಿಗೆ ಯಾವ ವಿಷಯ ತಿಳಿದಿರಬೇಕು ಎಂಬ ಮಟ್ಟವನ್ನು ರಾಜ್ಯ ಹೇಳುತ್ತದೆ. ಯಾವ ಪುಸ್ತಕ ಕೊಳ್ಳಬೇಕು ಎಂಬುದನ್ನು ಮಂಡಳಿ ಬಹುಮತದಿಂದ ತೀರ್ಮಾನಿಸುತ್ತದೆ.

ಈ ಮೂರರಲ್ಲಿ ಜನ ಹೆಚ್ಚಾಗಿ ಜಗಳವಾಡುವುದು ಎರಡನೆಯದಕ್ಕೆ. ಡೋವರ್‌ನಲ್ಲಿಯೂ 2000ದ ಆಸುಪಾಸಿನಲ್ಲಿ ಹೈಸ್ಕೂಲು ಕಟ್ಟಡದ ನವೀಕರಣ, ಅದಕ್ಕೆ ತಗಲುವ ಖರ್ಚು, ಏರುವ ತೆರಿಗೆ ಇವೇ ದೊಡ್ಡ ಚರ್ಚೆಯಾಗಿದ್ದವು. ಹಣ ಉಳಿಸುತ್ತೇವೆ ಎಂದವರಿಗೆ ಮತ ಬೀಳುವುದು ಲೋಕಾರೂಢಿ. ಆದರೆ ತೆರಿಗೆಗಾಗಿ ಆರಿಸಿದ ಸದಸ್ಯನೇ ಪಾಠಪುಸ್ತಕಕ್ಕೂ ಕೈ ಎತ್ತುವವನು ಎಂಬುದು ಮತ ಹಾಕುವಾಗ ಯಾರ ನೆನಪಿಗೂ ಬರುವುದಿಲ್ಲ. ಡೋವರ್‌ನ ಕಥೆ ಶುರುವಾಗುವುದು ಇಲ್ಲಿಂದ.

ಅಲನ್ ಬಾನ್ಸೆಲ್ ಎಂಬ ಸದಸ್ಯರು 2002ರ ಮತ್ತು 2003ರ ಮಂಡಳಿಯ ಸಮಾಲೋಚನೆಗಳಲ್ಲಿಯೇ, ವಿಕಾಸವಾದದ ಜೊತೆಗೆ ಸೃಷ್ಟಿವಾದವನ್ನೂ ಕಲಿಸಬೇಕೆಂಬ ಮಾತೆತ್ತಿದ್ದರು. 2002ರಲ್ಲಿಯೇ ಇನ್ನೊಂದು ಸಂಗತಿ ನಡೆಯಿತು. ಹಿಂದಿನ ಒಬ್ಬ ವಿದ್ಯಾರ್ಥಿ ಮಾನವನ ವಿಕಾಸವನ್ನು ಚಿತ್ರಿಸಿ ಶಾಲೆಗೆ ಕೊಟ್ಟಿದ್ದ 16 ಅಡಿ ಉದ್ದದ ಚಿತ್ರಫಲಕವೊಂದು ವಿಜ್ಞಾನದ ಕೊಠಡಿಯಲ್ಲಿತ್ತು. ಅದನ್ನು ಅಲ್ಲಿಂದ ತೆಗೆದು ಸುಟ್ಟುಹಾಕಲಾಯಿತು. ಮಕ್ಕಳು ಕೊಟ್ಟ ಒಂದು ಚಾರ್ಟನ್ನೂ ಎಸೆಯಲು ಮನಸ್ಸು ಬಾರದೆ ವರ್ಷಗಟ್ಟಲೆ ಬೀರುವಿನ ಮೇಲೆ ಇಟ್ಟುಕೊಂಡಿದ್ದವನು ನಾನು. ಆ ಚಿತ್ರದ ಗತಿಯನ್ನು ಓದಿದಾಗ ಬಹಳ ಹೊತ್ತು ಮುಂದೆ ಓದಲಾಗಲಿಲ್ಲ.

2004ರಲ್ಲಿ ಬಾನ್ಸೆಲ್ ಮಂಡಳಿಯ ಅಧ್ಯಕ್ಷರಾಗಿದ್ದರು. ಪಠ್ಯಕ್ರಮ ಸಮಿತಿಗೆ ವಿಲಿಯಂ ಬಕಿಂಗ್‌ಹ್ಯಾಮ್ ಮುಖ್ಯಸ್ಥರಾಗಿದ್ದರು. ವಿಜ್ಞಾನದ ಉಪಾಧ್ಯಾಯರು ಒಂಬತ್ತನೆಯ ತರಗತಿಗಾಗಿ ಕೆನೆತ್ ಮಿಲ್ಲರ್ ಮತ್ತು ಜೋಸೆಫ್ ಲೆವೀನ್ ಅವರ ಜೀವಶಾಸ್ತ್ರ ಪುಸ್ತಕವನ್ನು ಕೇಳಿದ್ದರು. ಅದರ ಖರೀದಿ ಆಗಲೇ ಹಿಂದೆ ಬಿದ್ದಿತ್ತು. ಜೂನ್ ತಿಂಗಳ ಸಭೆಯಲ್ಲಿ ಬಕಿಂಗ್‌ಹ್ಯಾಮ್ ಆ ಪುಸ್ತಕದ ತುಂಬ ಡಾರ್ವಿನ್ನನೇ ಇದ್ದಾನೆಂದು ಆಕ್ಷೇಪಿಸಿದರು. ಆಗಸ್ಟ್ 2ರ ಸಭೆಯಲ್ಲಿ ಅವರು, 'ಆಫ್ ಪಾಂಡಾಸ್ ಅಂಡ್ ಪೀಪಲ್' ಎಂಬ ಮತ್ತೊಂದು ಪುಸ್ತಕಕ್ಕೂ ಒಪ್ಪಿಗೆ ಸಿಕ್ಕರೆ ಮಾತ್ರ ಜೀವಶಾಸ್ತ್ರದ ಪುಸ್ತಕಕ್ಕೆ ಮತ ಕೊಡುವುದಾಗಿ ಪಟ್ಟು ಹಿಡಿದರು. ಮತಗಳು ನಾಲ್ಕಕ್ಕೆ ನಾಲ್ಕು ಸಮನಾದವು. ಶಾಲೆ ತೆರೆಯುವ ಹೊತ್ತಿಗೆ ಮಕ್ಕಳ ಕೈಯಲ್ಲಿ ಪುಸ್ತಕವೇ ಇಲ್ಲದಂತಾಗುವ ಪರಿಸ್ಥಿತಿ. ಕೊನೆಗೆ ಒಬ್ಬ ಸದಸ್ಯೆ ತಮ್ಮ ಮತ ಬದಲಾಯಿಸಿದ್ದರಿಂದ ಪುಸ್ತಕ ಬಂತು.

'ಪಾಂಡಾಸ್' ಪುಸ್ತಕ ಹೇಳುವುದು 'ಇಂಟೆಲಿಜೆಂಟ್ ಡಿಸೈನ್' ಎಂಬ ವಾದವನ್ನು. ಜೀವಿಗಳ ರಚನೆ ಅತಿ ಜಟಿಲವಾಗಿರುವುದರಿಂದ ಯಾವುದೋ ಬುದ್ಧಿಶಕ್ತಿ ಅವನ್ನು ಯೋಜಿಸಿರಲೇಬೇಕು ಎಂಬುದು ಅದರ ಸಾರ. ಇದು ನಂಬಿಕೆಯ ವಿಷಯವಾಗಿ ಇರಬಾರದೆಂದು ಯಾರೂ ಹೇಳಲಿಲ್ಲ. ನಮ್ಮ ಮನೆಗಳಲ್ಲಿಯೂ ಬೆಳಗಿನ ಪೂಜೆ ಮುಗಿಸಿಯೇ ಶಾಲೆಗೆ ಬಂದು ಡಾರ್ವಿನ್ನನ ಪಾಠ ಮಾಡಿದವರು ಎಷ್ಟು ಜನರಿಲ್ಲ! ಪ್ರಶ್ನೆ ಇದ್ದದ್ದು, ಪ್ರಯೋಗದಿಂದ ಪರೀಕ್ಷಿಸಲಾಗದ ಮಾತನ್ನು ವಿಜ್ಞಾನದ ಗಂಟೆಯಲ್ಲಿ ವಿಜ್ಞಾನವೆಂದು ಹೇಳಬಹುದೇ ಎಂಬುದು.

ಬಕಿಂಗ್‌ಹ್ಯಾಮ್ ತಮ್ಮ ಚರ್ಚಿನಲ್ಲಿ 850 ಡಾಲರು ಕೂಡಿಸಿದರು. ಆ ಹಣ ಬಾನ್ಸೆಲ್‌ರ ತಂದೆಯವರ ಕೈ ಸೇರಿ, 'ಪಾಂಡಾಸ್' ಪುಸ್ತಕದ 60 ಪ್ರತಿಗಳಾಗಿ, ಅನಾಮಧೇಯ ದಾನವೆಂದು ಶಾಲೆಗೆ ಬಂದವು. ಮಂಡಳಿಯ ವಕೀಲರು, ಇದರಿಂದ ದಾವೆ ಬಂದೀತು, ಸೋತರೆ ಬಹಳ ಹಣ ತೆರಬೇಕಾದೀತು ಎಂದು ಮೊದಲೇ ಎಚ್ಚರಿಸಿದ್ದರು. ಅಕ್ಟೋಬರ್ 7ರಂದು ಪಠ್ಯಕ್ರಮ ಸಮಿತಿ ಕುಳಿತು ಹೊಸ ಗೊತ್ತುವಳಿಯನ್ನು ಸಿದ್ಧಪಡಿಸಿತು. ಆ ಸಭೆಯಲ್ಲಿ ವಿಜ್ಞಾನದ ಒಬ್ಬ ಉಪಾಧ್ಯಾಯರೂ ಇರಲಿಲ್ಲ. ಅಕ್ಟೋಬರ್ 18ರಂದು ಮಂಡಳಿ ಅದನ್ನು ಆರಕ್ಕೆ ಮೂರು ಮತಗಳಿಂದ ಅಂಗೀಕರಿಸಿತು. ಡಾರ್ವಿನ್ನನ ಸಿದ್ಧಾಂತದಲ್ಲಿರುವ ಕೊರತೆಗಳನ್ನೂ, ಇಂಟೆಲಿಜೆಂಟ್ ಡಿಸೈನ್ ಸೇರಿದಂತೆ ಬೇರೆ ಸಿದ್ಧಾಂತಗಳನ್ನೂ ವಿದ್ಯಾರ್ಥಿಗಳ ಗಮನಕ್ಕೆ ತರಬೇಕು ಎಂಬುದು ಅದರ ತಾತ್ಪರ್ಯ. ವಿರೋಧಿಸಿದ್ದ ದಂಪತಿ ಸದಸ್ಯರಿಬ್ಬರು ಅದೇ ರಾತ್ರಿ ರಾಜೀನಾಮೆ ಕೊಟ್ಟು ಹೊರನಡೆದರು.

ಮುಂದಿನ ತಿಂಗಳು ಒಂದು ಪ್ರಕಟಣೆ ಬಂತು. ವಿಕಾಸವಾದದ ಪಾಠಕ್ಕೆ ಮುಂಚೆ ಉಪಾಧ್ಯಾಯರು ತರಗತಿಯಲ್ಲಿ ಒಂದು ಚಿಕ್ಕ ಹೇಳಿಕೆಯನ್ನು ಓದತಕ್ಕದ್ದು. ಡಾರ್ವಿನ್ನನದು ಸಿದ್ಧಾಂತ, ಸತ್ಯಸಂಗತಿಯಲ್ಲ. ಅದರಲ್ಲಿ ಬಿಟ್ಟ ಸ್ಥಳಗಳಿವೆ. ಬೇರೆ ವಿವರಣೆ ಬೇಕಾದವರು ಆ ಪುಸ್ತಕವನ್ನು ನೋಡಬಹುದು ಎಂಬುದು ಅದರ ಸಾರಾಂಶ. ಓದಲು ಒಂದೆರಡು ನಿಮಿಷವೂ ಬೇಡ. ಇಷ್ಟಕ್ಕೇ ಇಷ್ಟು ಗಲಾಟೆಯೇ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಪಾಠ ಮಾಡಿದವರಿಗೆ ಹಾಗೆ ಅನ್ನಿಸುವುದಿಲ್ಲ. ನಮ್ಮ ಕನ್ನಡದಲ್ಲಿಯೇ ನೋಡಿ, 'ವಿಕಾಸವಾದ' ಎಂದೊಡನೆ ಮಕ್ಕಳು 'ವಾದ' ಎಂಬ ಪದವನ್ನು ಹಿಡಿದುಕೊಂಡು, ಹಾಗಾದರೆ ಪ್ರತಿವಾದ ಯಾವುದು ಎಂದು ಕೇಳುತ್ತಿದ್ದರು. ವಿಜ್ಞಾನದಲ್ಲಿ ಸಿದ್ಧಾಂತವೆಂದರೆ ಯಾರಿಗೋ ತೋಚಿದ ಊಹೆಯಲ್ಲ, ಸಾವಿರಾರು ಸಾಕ್ಷ್ಯಗಳನ್ನು ಒಂದೇ ದಾರದಲ್ಲಿ ಪೋಣಿಸಿ, ಪರೀಕ್ಷೆಗಳಲ್ಲಿ ಉಳಿದುಬಂದ ವಿವರಣೆ ಎಂದು ತಿಳಿಸಲು ಎರಡು ಪೂರ್ಣ ಪೀರಿಯಡ್ ಬೇಕಾಗುತ್ತಿತ್ತು. ಆ ಎರಡು ಪೀರಿಯಡ್‌ಗಳ ಶ್ರಮವನ್ನು ಕೆಡಿಸಲು ಒಂದು ನಿಮಿಷದ ಹೇಳಿಕೆ ಸಾಕು.

ಡೋವರ್‌ನ ವಿಜ್ಞಾನ ಉಪಾಧ್ಯಾಯರು ಜಗಳಗಂಟರಾಗಿರಲಿಲ್ಲ. ಸಿದ್ಧಾಂತದಲ್ಲಿ ಇನ್ನೂ ಉತ್ತರ ಸಿಗದ ಪ್ರಶ್ನೆಗಳನ್ನು ಹೇಳಲು ಅವರು ಒಪ್ಪಿದ್ದರು. ಒಂದೊಂದೇ ಹೆಜ್ಜೆ ಹಿಂದೆ ಸರಿದು ಮಂಡಳಿಯೊಡನೆ ಹೊಂದಿಕೊಳ್ಳಲು ನೋಡಿದ್ದರು. ಆದರೆ ಹೇಳಿಕೆಯನ್ನು ಓದಬೇಕೆಂದಾಗ, 2005ರ ಜನವರಿ 6ರಂದು ಸೂಪರಿಂಟೆಂಡೆಂಟರಿಗೆ ಪತ್ರ ಬರೆದು, ಓದುವುದಿಲ್ಲವೆಂದು ಸಹಿ ಹಾಕಿದರು. ವಿಷಯವನ್ನು ತಿಳಿದೂ ತಿಳಿದೂ ತಪ್ಪಾಗಿ ನಿರೂಪಿಸಬಾರದೆಂಬ ನಿಯಮ ಆ ರಾಜ್ಯದ ಶಿಕ್ಷಕರ ವೃತ್ತಿಸಂಹಿತೆಯಲ್ಲಿಯೇ ಇದೆ. ಅದನ್ನೇ ಅವರು ಆಧಾರವಾಗಿ ತೋರಿಸಿದರು. ಕೆಲಸಕ್ಕೆ ಕುತ್ತು ಬರಬಹುದೆಂದು ಗೊತ್ತಿದ್ದೂ ಸಹಿ ಹಾಕಿದರು. ಜನವರಿ 18ರಂದು ಆಡಳಿತಾಧಿಕಾರಿಗಳೇ ತರಗತಿಗೆ ಬಂದು ಹೇಳಿಕೆಯನ್ನು ಓದಿದರು. ಉಪಾಧ್ಯಾಯರು ಹೊರಗೆ ಹೋದರು. ಕೆಲವು ಮಕ್ಕಳೂ ಎದ್ದು ಹೋದರು. ನನ್ನ ಮಟ್ಟಿಗೆ ಈ ಇಡೀ ಇತಿಹಾಸದಲ್ಲಿ ತಲೆಬಾಗಬೇಕಾದ ಘಟ್ಟ ಇದು.

ಅಷ್ಟರಲ್ಲಿ, 2004ರ ಡಿಸೆಂಬರ್ 14ರಂದೇ, ಊರಿನ 11 ಮಂದಿ ಪೋಷಕರು ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿದ್ದರು. ಮೊದಲನೆಯ ವಾದಿಯ ಹೆಸರಿನಿಂದ ಅದು 'ಕಿಟ್ಸ್‌ಮಿಲ್ಲರ್ ವಿರುದ್ಧ ಡೋವರ್' ಎಂದು ಪ್ರಸಿದ್ಧವಾಗಿದೆ. ದಾವೆ ಹೂಡಿದವರಲ್ಲಿ ತಪ್ಪದೆ ಚರ್ಚಿಗೆ ಹೋಗುವವರೂ ಇದ್ದರು. ವಿಚಾರಣೆ ರಾಜಧಾನಿ ಹ್ಯಾರಿಸ್‌ಬರ್ಗಿನಲ್ಲಿ 2005ರ ಸೆಪ್ಟೆಂಬರ್ 26ರಿಂದ ನವೆಂಬರ್ 4ರವರೆಗೆ ಆರು ವಾರ ನಡೆಯಿತು. ನ್ಯಾಯಾಧೀಶರು ಜಾನ್ ಇ. ಜೋನ್ಸ್, ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಅವರಿಂದ 2002ರಲ್ಲಿ ನೇಮಕಗೊಂಡವರು.

ಪಾಠಪುಸ್ತಕ ಬರೆದ ಕೆನೆತ್ ಮಿಲ್ಲರ್ ಅವರೇ ಬಂದು ಪೋಷಕರ ಪರ ಸಾಕ್ಷ್ಯ ನುಡಿದರು. ಮಂಡಳಿಯ ಪರ ಮೈಕೆಲ್ ಬೀಹಿ ಎಂಬ ಜೀವರಸಾಯನ ಶಾಸ್ತ್ರಜ್ಞರು ನಿಂತರು. ವಿಜ್ಞಾನದ ಸಿದ್ಧಾಂತ ಎಂಬ ಮಾತಿಗೆ ಅವರು ಕೊಟ್ಟ ವಿಶಾಲ ಅರ್ಥದಲ್ಲಿ ಜ್ಯೋತಿಷ್ಯವೂ ಒಂದು ಸಿದ್ಧಾಂತವಾಗುತ್ತದಲ್ಲವೇ ಎಂದು ಪಾಟೀಸವಾಲಿನಲ್ಲಿ ಕೇಳಿದಾಗ ಅವರು ಹೌದೆನ್ನಬೇಕಾಯಿತು. ಇನ್ನೊಂದು ಸಾಕ್ಷ್ಯ 'ಪಾಂಡಾಸ್' ಪುಸ್ತಕದ ಹಳೆಯ ಕರಡುಗಳಿಂದ ಬಂತು. ಸಾರ್ವಜನಿಕ ಶಾಲೆಯಲ್ಲಿ ಸೃಷ್ಟಿವಾದವನ್ನು ವಿಜ್ಞಾನವೆಂದು ಕಲಿಸುವಂತಿಲ್ಲವೆಂದು 1987ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತ ಬೆನ್ನಿಗೇ, ಕರಡಿನಲ್ಲಿ ಸೃಷ್ಟಿವಾದಿ ಎಂದಿದ್ದ ಕಡೆಯೆಲ್ಲ ವಿನ್ಯಾಸದ ಪ್ರತಿಪಾದಕ ಎಂದು ತಿದ್ದಲಾಗಿತ್ತು. ತಿದ್ದುವ ಅವಸರದಲ್ಲಿ ಒಂದು ಕಡೆ ಹಳೆಯ ಪದದ ತಲೆ, ಬಾಲಗಳ ನಡುವೆ ಹೊಸ ಪದ ಸಿಕ್ಕಿಕೊಂಡು ಹಾಗೆಯೇ ಉಳಿದಿತ್ತು. ನಕಲು ಹೊಡೆದ ಉತ್ತರಪತ್ರಿಕೆಯನ್ನು ಹಿಡಿಯುವುದು ಹೇಗೆಂದು ಯಾವ ಉಪಾಧ್ಯಾಯನಿಗೂ ಹೇಳಿಕೊಡಬೇಕಾಗಿಲ್ಲ!

ಅದಕ್ಕಿಂತ ನೋವಿನ ಸಂಗತಿ ಪುಸ್ತಕದ ಹಣದ್ದು. 60 ಪ್ರತಿಗಳು ಎಲ್ಲಿಂದ ಬಂದವೆಂದು ವಿಚಾರಣೆಗೆ ಮುಂಚೆ ಪ್ರಮಾಣ ಮಾಡಿಸಿ ಕೇಳಿದಾಗ ಇಬ್ಬರು ಸದಸ್ಯರೂ ಸತ್ಯ ಹೇಳಿರಲಿಲ್ಲ. ನ್ಯಾಯಾಧೀಶರೇ ಬಾನ್ಸೆಲ್‌ರನ್ನು ನೇರವಾಗಿ ಪ್ರಶ್ನಿಸಿದರು. ಸಭೆಗಳಲ್ಲಿ ಧರ್ಮದ ಮಾತನ್ನೇ ಆಡಿಲ್ಲವೆಂದು ಸದಸ್ಯರು ಹೇಳಿದರೆ, ಆಡಿದ್ದನ್ನು ಕೇಳಿ ಬರೆದೆವು ಎಂದು ಸ್ಥಳೀಯ ಪತ್ರಿಕೆಗಳ ಇಬ್ಬರು ವರದಿಗಾರರು ಸಾಕ್ಷ್ಯ ಹೇಳಿದರು. ಮತ ಕೊಟ್ಟವರಲ್ಲಿ ಹಲವರಿಗೆ ಇಂಟೆಲಿಜೆಂಟ್ ಡಿಸೈನ್ ಎಂದರೇನೆಂಬುದೇ ಸರಿಯಾಗಿ ತಿಳಿದಿರಲಿಲ್ಲ ಎಂಬುದೂ ಹೊರಬಿತ್ತು.

ತೀರ್ಪು ಬರುವುದಕ್ಕೆ ಮೊದಲೇ ಊರು ತನ್ನ ತೀರ್ಪನ್ನು ಕೊಟ್ಟಿತು. ನವೆಂಬರ್ 8ರ ಚುನಾವಣೆಯಲ್ಲಿ, ರಾಜೀನಾಮೆಗಳಿಂದ ತೆರವಾಗಿ ನಾಮಕರಣಗೊಂಡವರೂ ಸೇರಿ ಸ್ಪರ್ಧಿಸಿದ್ದ ಎಂಟು ಮಂದಿ ಹಾಲಿ ಸದಸ್ಯರು ಎಂಟೂ ಜನ ಸೋತರು. ಗೆದ್ದವರ ಗುಂಪಿನಲ್ಲಿ ಎರಡೂ ಪಕ್ಷಗಳವರಿದ್ದರು, ವಾದಿಗಳಲ್ಲೊಬ್ಬರೂ ಇದ್ದರು. ಡಿಸೆಂಬರ್ 20ರಂದು 139 ಪುಟಗಳ ತೀರ್ಪು ಬಂತು. ಇಂಟೆಲಿಜೆಂಟ್ ಡಿಸೈನ್ ವಿಜ್ಞಾನವಲ್ಲ, ಮಂಡಳಿಯ ನೀತಿ ಸಂವಿಧಾನದ ಮೊದಲನೆಯ ತಿದ್ದುಪಡಿಗೆ ವಿರುದ್ಧ ಎಂದು ನ್ಯಾಯಾಧೀಶರು ನಿರ್ಣಯಿಸಿದರು. ಡೋವರ್‌ನ ಮಕ್ಕಳು, ಪೋಷಕರು, ಉಪಾಧ್ಯಾಯರನ್ನು ಈ ಸುಳಿಗೆ ಎಳೆದದ್ದು ಅನ್ಯಾಯ, ಇದರಲ್ಲಿ ಹಣವೂ ಶ್ರಮವೂ ವ್ಯರ್ಥವಾಯಿತು ಎಂಬ ಅರ್ಥದ ಮಾತನ್ನು ಕೊನೆಯಲ್ಲಿ ಬರೆದರು. ಆ ತೀರ್ಪಿಗಾಗಿ ಅವರಿಗೆ ಕೊಲೆ ಬೆದರಿಕೆಗಳು ಬಂದು ಪೊಲೀಸ್ ಕಾವಲು ಇಡಬೇಕಾಯಿತು. ಹೊಸ ಮಂಡಳಿ 2006ರ ಜನವರಿಯಲ್ಲಿ ಆ ನೀತಿಯನ್ನು ರದ್ದುಮಾಡಿತು, ಮೇಲ್ಮನವಿ ಸಲ್ಲಿಸಲಿಲ್ಲ. ವಾದಿಗಳ ವಕೀಲರ ಖರ್ಚಿನ ಬಾಬ್ತು ಹತ್ತು ಲಕ್ಷ ಡಾಲರಿಗೂ ಸ್ವಲ್ಪ ಹೆಚ್ಚು ಹಣವನ್ನು ಶಾಲಾ ಜಿಲ್ಲೆ ಕೊಡಬೇಕಾಯಿತು. ಕಟ್ಟಡಕ್ಕೆ ಖರ್ಚಾದೀತು, ತೆರಿಗೆ ಏರೀತು ಎಂದು ಲೆಕ್ಕ ಹಾಕುತ್ತಿದ್ದ ಊರು ಒಂದು ನಿಮಿಷದ ಹೇಳಿಕೆಗೆ ಇಷ್ಟು ತೆತ್ತಿತು.

ಇದರಿಂದ, ಸ್ಥಳೀಯ ಮಂಡಳಿಗಳೇ ಕೆಟ್ಟವು, ಎಲ್ಲವನ್ನೂ ರಾಜಧಾನಿಯಿಂದ ನಡೆಸುವುದೇ ಲೇಸು ಎಂದು ಹೇಳಲು ನನಗೆ ಮನಸ್ಸಿಲ್ಲ. ನಮ್ಮಲ್ಲಿ 2023ರಲ್ಲಿ ಎನ್.ಸಿ.ಇ.ಆರ್.ಟಿ.ಯ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ಜೀವವಿಕಾಸದ ಭಾಗವನ್ನು ಬಿಟ್ಟಿರುವುದು ಸುದ್ದಿಯಾದಾಗ 1,800ಕ್ಕೂ ಹೆಚ್ಚು ವಿಜ್ಞಾನಿಗಳೂ ಶಿಕ್ಷಕರೂ ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಆದರೆ ಆ ನಿರ್ಣಯ ಕೈಗೊಂಡವರನ್ನು ಯಾವ ಊರಿನ ಪೋಷಕರೂ ಸಭೆಯಲ್ಲಿ ಎದ್ದು ನಿಂತು ಕೇಳುವ ಹಾಗಿರಲಿಲ್ಲ, ಮತ ಹಾಕಿ ಬದಲಾಯಿಸುವ ಹಾಗೂ ಇರಲಿಲ್ಲ. ಡೋವರ್‌ನಲ್ಲಿ ತಪ್ಪು ಮಾಡಿದವರು ಯಾರೆಂದು ಎಲ್ಲರಿಗೂ ಗೊತ್ತಿತ್ತು; ಒಂದೇ ವರ್ಷದಲ್ಲಿ ಊರೇ ಅದನ್ನು ತಿದ್ದಿಕೊಂಡಿತು. ಹತ್ತಿರದ ಅಧಿಕಾರಕ್ಕೆ ಈ ಗುಣವಿದೆ.

ನನ್ನ ತಿಳಿವಳಿಕೆಯಲ್ಲಿ ದೋಷವಿದ್ದದ್ದು ಬೇರೆಡೆ. ಕಟ್ಟಡ ಎಷ್ಟು ದೊಡ್ಡದಿರಬೇಕು, ತೆರಿಗೆ ಎಷ್ಟು ಏರಬೇಕು ಎಂಬುದನ್ನು ಕೈ ಎತ್ತಿಸಿ ನಿರ್ಣಯಿಸಬಹುದು. ಹಣ ಕೊಡುವವನ ಅಭಿಪ್ರಾಯವೇ ಅಲ್ಲಿ ಮುಖ್ಯ. ಯಾರು ಮುಖ್ಯಸ್ಥರಾಗಬೇಕೆಂಬುದನ್ನೂ ಹಾಗೆ ನಿರ್ಣಯಿಸಬಹುದು. ಯಾವ ಪುಸ್ತಕ ಕೊಳ್ಳಬೇಕೆಂಬುದಕ್ಕೂ ಮತ ಬೇಕು, ನಿಜ. ಆದರೆ ಪುಸ್ತಕದೊಳಗಿನ ಮಾತು ಸರಿಯೇ ಎಂಬುದಕ್ಕೆ ಮತ ಎಣಿಸಿ ಪ್ರಯೋಜನವಿಲ್ಲ, ಬಲ್ಲವರನ್ನು ಕೇಳಬೇಕು. ಬಲ್ಲವರು ಅದೇ ಶಾಲೆಯಲ್ಲಿ, ಪಕ್ಕದ ಕೊಠಡಿಯಲ್ಲಿಯೇ ಇದ್ದರು. ಅವರನ್ನು ಹೊರಗಿಟ್ಟು ಸಮಿತಿ ಕುಳಿತದ್ದೇ ಎಲ್ಲ ಅನರ್ಥಕ್ಕೆ ಮೂಲ. ಅಧಿಕಾರ ಇರುವುದು ಬೇರೆ, ತಿಳಿವಳಿಕೆ ಇರುವುದು ಬೇರೆ. ಎರಡೂ ಒಂದೇ ಕಡೆ ಇಲ್ಲದಾಗ ಅಧಿಕಾರವಿದ್ದವನು ತಿಳಿದವನ ಮನೆಬಾಗಿಲಿಗೆ ಹೋಗಬೇಕು. ನಮ್ಮ ಹಿರಿಯರು ಮನೆ ಕಟ್ಟುವಾಗ ಹಣ ತಮ್ಮದಾದರೂ ಗೋಡೆಯ ತೂಕ ನೋಡಲು ಗಾರೆಯವನ ಮಾತನ್ನೇ ಕೇಳುತ್ತಿದ್ದರಷ್ಟೆ.

ಅಮೆರಿಕದಲ್ಲಿರುವ ನನ್ನ ವಿದ್ಯಾರ್ಥಿಗಳಿಗೆ ಒಂದು ಮಾತು. ನಿಮ್ಮ ಊರಿನ ಬೋರ್ಡಿನ ಸಭೆಗೆ ತೆರಿಗೆ ಏರುವ ತಿಂಗಳು ಮಾತ್ರ ಹೋಗಬೇಡಿ, ಪುಸ್ತಕ ಆರಿಸುವ ತಿಂಗಳೂ ಹೋಗಿ. ಉಪಾಧ್ಯಾಯರು ಏನೆಂದರು ಎಂದು ಎದ್ದು ನಿಂತು ಕೇಳಿ. ಇಲ್ಲಿರುವವರಿಗೂ ಅದೇ ಮಾತು. ಎಸ್.ಡಿ.ಎಂ.ಸಿ.ಯ ಕೈಯಲ್ಲಿ ಪಾಠಪುಸ್ತಕ ಇಲ್ಲದಿದ್ದರೂ, ನಿಮ್ಮ ಮಗುವಿನ ಪಾಠವನ್ನು ಒಮ್ಮೆ ತೆರೆದು ಓದುವುದಕ್ಕೆ ಯಾವ ಸರಕಾರಿ ಆದೇಶವೂ ಬೇಕಾಗಿಲ್ಲ. ಅಲ್ಲಿ ಏನಾದರೂ ಬಿಟ್ಟುಹೋಗಿದೆ ಎನ್ನಿಸಿದರೆ ಶಾಲೆಯ ಮೇಷ್ಟರನ್ನು ಹೋಗಿ ಕೇಳಿ. ಕೇಳಿಸಿಕೊಳ್ಳುವುದಕ್ಕೆ ಅವರಿಗೆ ಸಂತೋಷವೇ ಆಗುತ್ತದೆ. ನಮ್ಮನ್ನು ಪಾಠದ ಬಗ್ಗೆ ಕೇಳಲು ಬಂದ ಪೋಷಕರು ಬಹಳ ಕಡಿಮೆ.

ಎಲ್ಲರಿಗೂ ಒಳಿತಾಗಲಿ.